ಓಡುವ ಬಸ್ಸಿಗೆ ಜೀವವಿಲ್ಲ, ನಿಂತ ಮರಕ್ಕಿದೆ: ಪುಟ್ಟ ಮಕ್ಕಳಿಗೆ ತೋರಿಸುವುದು ಹೇಗೆ?

ಐದಾರು ವರ್ಷದ ಮಗುವನ್ನು ಕೇಳಿ ನೋಡಿ. ನಾಯಿಗೆ ಜೀವ ಇದೆ, ಕಲ್ಲಿಗೆ ಇಲ್ಲ ಎಂದು ತಡವರಿಸದೆ ಹೇಳುತ್ತದೆ. ಸೂರ್ಯ, ಮೋಡ, ಬಸ್ಸು ಎಂದರೆ ‘ಇದೆ’ ಎನ್ನುವ ಮಕ್ಕಳು, ಬೇವಿನ ಮರಕ್ಕೆ ‘ಇಲ್ಲ’ ಎನ್ನುವ ಮಕ್ಕಳು ಬೇಕಾದಷ್ಟು. ಅಲ್ಲಾಡಿದರೆ ಜೀವ ಇದೆ ಎಂಬುದು ಆ ವಯಸ್ಸಿನ ಲೆಕ್ಕ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ‘ಉಸಿರಾಡುತ್ತದೆ, ತಿನ್ನುತ್ತದೆ, ಬೆಳೆಯುತ್ತದೆ’ ಎಂದು ಬಾಯಿಪಾಠ ಮಾಡಿಸಿದರೆ ಈ ಲೆಕ್ಕ ಅಳಿಸುವುದಿಲ್ಲ. ಗಿಡ ಉಸಿರಾಡುವುದು ಮಗುವಿನ ಕಣ್ಣಿಗೆ ಕಾಣುವುದೇ ಇಲ್ಲವಲ್ಲ!

ಮೊದಲ ದಿನ ಹತ್ತು-ಹನ್ನೆರಡು ವಸ್ತು ಸಾಕು: ಗಾಜಿನ ಬಾಟಲಿಯಲ್ಲಿ ಒಂದೆರಡು ಇರುವೆ, ತುಳಸಿ ಕುಂಡ, ಕಲ್ಲು, ಚಮಚ, ಕೀಲಿ ಕೊಟ್ಟರೆ ಓಡುವ ಕಾರು, ಒಣಗಿದ ಎಲೆ, ಹಕ್ಕಿಯ ಗರಿ, ಹೆಸರುಕಾಳು. ‘ಜೀವ ಇದೆ’, ‘ಇಲ್ಲ’ ಎಂಬ ಎರಡು ಬುಟ್ಟಿಗಳಿಗೆ ಮಕ್ಕಳೇ ಗುಂಪು ಮಾಡಲಿ. ಪ್ರತಿ ವಸ್ತುವಿಗೂ ‘ಯಾಕೆ?’ ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದಿಡಿ. ತಿದ್ದಬೇಡಿ. ಇರುವೆಗಳನ್ನು ಅರ್ಧ ಗಂಟೆಯೊಳಗೆ ಸಿಕ್ಕ ಜಾಗದಲ್ಲೇ ಬಿಟ್ಟುಬಿಡಿ.

ಪಾಠದ ತಿರುಳು ಮೂರು ಲೋಟಗಳಲ್ಲಿದೆ. ಒಂದರಲ್ಲಿ 10 ಹಸಿ ಹೆಸರುಕಾಳು, ಎರಡನೆಯದರಲ್ಲಿ ಬಾಣಲೆಯಲ್ಲಿ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದ 10 ಕಾಳು, ಮೂರನೆಯದರಲ್ಲಿ ಕಾಳಿನಷ್ಟೇ ದಪ್ಪದ 10 ಹರಳುಕಲ್ಲು. ಮೂರನ್ನೂ ರಾತ್ರಿಯಿಡೀ, ಸುಮಾರು 8 ಗಂಟೆ, ನೆನೆಸಿ. ಬೆಳಿಗ್ಗೆ ನೀರು ಬಸಿದು, ಒದ್ದೆ ಹತ್ತಿಯ ಮೇಲೆ ಹರಡಿ, ತೆಳು ಬಟ್ಟೆ ಮುಚ್ಚಿ. ಒಂದೆರಡು ದಿನದಲ್ಲಿ ಹಸಿ ಕಾಳು ಬಾಲದಂಥ ಬೇರು ಬಿಡುತ್ತದೆ. ದಿನಕ್ಕೊಮ್ಮೆ ಪಕ್ಕದಲ್ಲಿ ದಾರ ಹಿಡಿದು ಅಳೆದು, ಕತ್ತರಿಸಿ, ಗೋಡೆಗೆ ಸಾಲಾಗಿ ಅಂಟಿಸಿ. ಅಳತೆಪಟ್ಟಿ ಓದಲು ಬಾರದ ಮಗುವಿಗೂ ಬೆಳವಣಿಗೆ ಕಾಣುತ್ತದೆ.

ಕೆಡುವುದು ಎರಡು ಕಡೆ. ಹತ್ತಿ ನೀರಿನಲ್ಲಿ ತೇಲುವಂತಿದ್ದರೆ ಗಾಳಿಯಾಡದೆ ಕಾಳು ಕೊಳೆತು ನಾರುತ್ತದೆ; ಹಿಂಡಿದರೆ ಹನಿಯಷ್ಟೇ ಬರುವಂತಿರಲಿ. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಕಾಳು ಮೊಳೆಯದೇ ಹೋಗಬಹುದು, ಮೊದಲೇ ಒಂದು ಹಿಡಿ ಪರೀಕ್ಷಿಸಿ. (ಕಾಳನ್ನು ಮೂಗಿಗೆ ತೂರಿಸಿಕೊಳ್ಳುವ ಶೂರರು ಎಲ್ಲ ತರಗತಿಯಲ್ಲೂ ಇರುತ್ತಾರೆ. ಒಳಗೆ ಉಬ್ಬಿದರೆ ತೆಗೆಯುವುದು ಕಷ್ಟ, ಕಣ್ಣಿಟ್ಟಿರಿ.)

ಹುರಿದ ಕಾಳೂ ನೀರು ಕುಡಿದು ಉಬ್ಬುತ್ತದೆ. ಮಕ್ಕಳು ‘ಇದೂ ಬೆಳೀತು!’ ಎಂದು ಕೂಗುತ್ತಾರೆ. ಆಗ ಒಣ ಸ್ಪಂಜನ್ನು ನೀರಿಗೆ ಹಾಕಿ ತೋರಿಸಿ: ಉಬ್ಬುವುದೇ ಬೇರೆ, ಬೇರು-ಎಲೆ ಬಿಡುವುದೇ ಬೇರೆ. ಹುರಿದ ಕಾಳಿನ ಲೋಟವಿಲ್ಲದೆ ಈ ಮಾತು ಹುಟ್ಟುವುದೇ ಇಲ್ಲ. ‘ಒಮ್ಮೆ ಜೀವವಿತ್ತು, ಈಗಿಲ್ಲ’ ಎಂಬ ಮೂರನೇ ಬುಟ್ಟಿಗೂ ಇಲ್ಲಿಂದಲೇ ದಾರಿ. ಒಣ ಎಲೆ, ಗರಿ, ಹತ್ತಿ ದಾರ, ಮರದ ಸ್ಕೇಲು ಅಲ್ಲಿಗೆ ಹೋಗುತ್ತವೆ. ಎರಡೇ ಚೌಕವಿರುವ ಅಭ್ಯಾಸ ಹಾಳೆಗಳು ಈ ವಸ್ತುಗಳ ವಿಷಯದಲ್ಲಿ ಮಗುವಿನಿಂದ ಅರೆಸತ್ಯ ಹೇಳಿಸುತ್ತವೆ.

ಮೊಳಕೆಗಳಲ್ಲಿ ನಾಲ್ಕೈದನ್ನು ಕುಂಡಕ್ಕೆ ನೆಟ್ಟು ಕಿಟಕಿಯ ಬಳಿ ಇಡಿ. ಸಸಿ ಬೆಳಕಿನತ್ತ ಬಾಗಿದ ಮೇಲೆ ಕುಂಡವನ್ನು ಅರ್ಧ ಸುತ್ತು ತಿರುಗಿಸಿ. ಎರಡು-ಮೂರು ದಿನದಲ್ಲಿ ಅದು ಮತ್ತೆ ಕಿಟಕಿಯತ್ತ ವಾಲುತ್ತದೆ. ಕೀಲಿ ಕಾರನ್ನು ಪಕ್ಕದಲ್ಲಿಟ್ಟು ‘ಇದಕ್ಕೆ ಕೀಲಿ ಕೊಟ್ಟವರು ಯಾರು? ಅದಕ್ಕೆ?’ ಎಂದು ಕೇಳಿ. ಮುಟ್ಟಿದರೆ ಮುನಿ ಗಿಡವನ್ನು ತೋರಿಸಲು ಎಲ್ಲರಿಗೂ ಆಸೆ. ಆದರೆ ಅದನ್ನೇ ಮೊದಲು ತೋರಿಸಿದರೆ ‘ಅಲ್ಲಾಡಿತು, ಅದಕ್ಕೇ ಜೀವ’ ಎಂಬ ಹಳೆಯ ಲೆಕ್ಕವೇ ಗಟ್ಟಿಯಾಗುತ್ತದೆ. ಕೊನೆಗಿರಲಿ.

ದೀಪದ ಬಗ್ಗೆ ಜಾಣ ಮಗು ಕೇಳಿಯೇ ಕೇಳುತ್ತದೆ: ಎಣ್ಣೆ ಕುಡಿಯುತ್ತದೆ, ಗಾಳಿ ಬೇಕು, ಅಲ್ಲಾಡುತ್ತದೆ. ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ. ಒಂದೆರಡು ಲಕ್ಷಣ ಹೊಂದಿದರೆ ಸಾಲದು ಎನ್ನಿ; ಆರಿದ ದೀಪವನ್ನು ಮತ್ತೆ ಹಚ್ಚಬಹುದು, ಹುರಿದ ಕಾಳನ್ನು ಮೊಳೆಸಿ ನೋಡಲಿ. ಮೊಟ್ಟೆಯ ಚರ್ಚೆ ಎಂಟು ವರ್ಷದ ನಂತರ ಸಾಕು, ಅಂಗಡಿಯ ಮೊಟ್ಟೆಗಳಲ್ಲಿ ಹೆಚ್ಚಿನವು ಮರಿಯಾಗುವಂಥವಲ್ಲ.

ವಾರದ ನಂತರ ಹಿಂದೆ ತೋರಿಸದ ವಸ್ತುಗಳನ್ನೇ ಇಡಿ: ಅಣಬೆ, ಪ್ಲಾಸ್ಟಿಕ್ ಹೂ, ಬಸವನಹುಳು, ತಿರುಗುವ ಫ್ಯಾನು. ಉತ್ತರಕ್ಕಿಂತ ಕಾರಣಕ್ಕೆ ಕಿವಿಗೊಡಿ. ‘ಬಸವನಹುಳುವಿಗೆ ಜೀವ ಇದೆ, ನಡೆಯುತ್ತೆ ಅದಕ್ಕೆ’ ಎಂದ ಮಗುವಿನ ಜೊತೆ ಕುಂಡ ತಿರುಗಿಸುವ ಕೆಲಸವನ್ನು ಇನ್ನೊಮ್ಮೆ ಮಾಡಿ.