ಬಾಣಂತಿಯ ಹೊಟ್ಟೆಯಲ್ಲಿ ನೀರು

ಕುಮಟಾದಲ್ಲಿ ಕ್ಲಿನಿಕ್ ನಡೆಸುವ ನನಗೆ ಹೊಟ್ಟೆಯಲ್ಲಿ ನೀರು ತುಂಬಿದವರು ಹೊಸಬರಲ್ಲ. ಹೆಚ್ಚಿನವರದು ಕುಡಿತದಿಂದ ಹಾಳಾದ ಯಕೃತ್ತು. ಆದರೆ ಅಂದು ಬಂದಾಕೆ ಹೆರಿಗೆಯಾಗಿ ಆರು ವಾರ ಕಳೆದಿದ್ದ ಬಾಣಂತಿ. “ಹೊಟ್ಟೆ ಇಳಿಯಲೇ ಇಲ್ಲ ಡಾಕ್ಟರೇ, ದಿನದಿನಕ್ಕೂ ಏರುತ್ತಿದೆ” ಎಂದರು ಅತ್ತೆ.

ಕ್ಷಯವಿರಬಹುದೆಂದು ಶಂಕಿಸಿ ಹೊಟ್ಟೆಯ ನೀರನ್ನು ಪರೀಕ್ಷೆಗೆ ಕಳುಹಿಸಿದೆ. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೂ ಆ ನೀರಿನ ಆಲ್ಬುಮಿನ್‌ಗೂ ಅಂತರ ಡೆಸಿಲೀಟರ್‌ಗೆ 1.9 ಗ್ರಾಂ ಇತ್ತು. ಕ್ಷಯದಲ್ಲಿ ಅದು ಸಾಮಾನ್ಯವಾಗಿ 1.1ಕ್ಕಿಂತ ಕಡಿಮೆ, ಇಷ್ಟು ಹೆಚ್ಚಿದ್ದರೆ ಯಕೃತ್ತಿನ ರಕ್ತನಾಳಗಳಲ್ಲಿ ಒತ್ತಡ ಏರಿದೆ ಎಂದರ್ಥ. ಮತ್ತೆ ಹೊಟ್ಟೆ ಮುಟ್ಟಿ ನೋಡಿದೆ. ಬಲಪಕ್ಕೆಯ ಕೆಳಗೆ ಯಕೃತ್ತು ಊದಿತ್ತು, ಒತ್ತಿದರೆ ಆಕೆ ನೋವಿನಿಂದ ಮುಖ ಕಿವುಚುತ್ತಿದ್ದಳು. ಮೊದಲ ದಿನದ ರಕ್ತದ ವರದಿಯನ್ನು ಮತ್ತೊಮ್ಮೆ ಬಿಡಿಸಿದೆ: ಹಿಮೋಗ್ಲೋಬಿನ್ 17! ಬಾಣಂತಿಯರಲ್ಲಿ 11 ಕಂಡರೆ ಸಮಾಧಾನಪಡುವ ನಾನು ಅದನ್ನು ಒಳ್ಳೆಯ ಸುದ್ದಿಯೆಂದು ಬಿಟ್ಟಿದ್ದೆ. ಹಾಗೆ ಕಳೆದುಹೋದ ಎರಡು ದಿನಗಳು ಇಂದಿಗೂ ನನ್ನನ್ನು ಕಾಡುತ್ತವೆ.

ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಉತ್ತರ ಸಿಕ್ಕಿತು. ಯಕೃತ್ತಿನಿಂದ ರಕ್ತವನ್ನು ಹೊರಗೊಯ್ಯುವ ಮೂರು ದೊಡ್ಡ ಅಭಿಧಮನಿಗಳಲ್ಲಿ ಎರಡು ಹೆಪ್ಪುಗಟ್ಟಿದ್ದವು. ಮೂರನೆಯದರಲ್ಲಿ ನೂಲಿನೆಳೆಯಷ್ಟು ಹರಿವು. ಇದು ಬಡ್-ಕಿಯಾರಿ ಕಾಯಿಲೆ.

“ಕುಡಿಯದವಳಿಗೆ ಲಿವರ್ ಹೇಗೆ ಕೆಟ್ಟಿತು?” ಎಂದು ಗಂಡ ಕೇಳಿದ. ಅಘನಾಶಿನಿ ದಂಡೆಯಲ್ಲಿ ಗಜನಿ ಗದ್ದೆ, ಅಂದರೆ ಕಟ್ಟೆ ಹಾಕಿ ಉಪ್ಪುನೀರು ತಡೆದ ಭತ್ತದ ಗದ್ದೆ, ಮಾಡುವವನು. ಮಳೆಗಾಲದಲ್ಲಿ ಗಜನಿ ಕಟ್ಟೆಯ ಬಾಗಿಲು ಮುಚ್ಚಿಯೇ ಉಳಿದರೆ ಏನಾಗುತ್ತದೆ ಎಂದೆ. “ಮೇಲಿನ ನೀರು ನಿಂತು ಗದ್ದೆ ಮುಳುಗುತ್ತದೆ, ಕಟ್ಟೆ ಜಿನುಗುತ್ತದೆ.” ಯಕೃತ್ತಿನಲ್ಲೂ ಹಾಗೆಯೇ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಒಳಬರುತ್ತದೆ. ಹೊರದಾರಿ ಕಟ್ಟಿದರೆ ಯಕೃತ್ತು ಊದಿ, ಅದರ ಜೀವಕೋಶಗಳು ಸಾಯತೊಡಗುತ್ತವೆ. ಹೊಟ್ಟೆಗೆ ನೀರು ಜಿನುಗುತ್ತದೆ. ಹಾಗೆಯೇ ಬಿಟ್ಟರೆ ಯಕೃತ್ತು ಗಟ್ಟಿಯಾಗಿ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದು ರಕ್ತವಾಂತಿಯೂ ಆಗಬಹುದು.

ಅಂದೇ ಮಣಿಪಾಲಕ್ಕೆ ಕಳುಹಿಸಿದೆ. ಅಲ್ಲಿ ಜೆಎಕೆ2 ವಂಶವಾಹಿಯ ದೋಷ ಪತ್ತೆಯಾಯಿತು: ಅಸ್ಥಿಮಜ್ಜೆ ಮಿತಿಮೀರಿ ರಕ್ತಕಣ ತಯಾರಿಸಿ ರಕ್ತವನ್ನು ದಪ್ಪವಾಗಿಸಿತ್ತು. ಹಿಮೋಗ್ಲೋಬಿನ್ 17 ಇದ್ದುದು ಅದಕ್ಕೇ. ಬಸಿರು-ಬಾಣಂತನದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವವೂ ಅದಕ್ಕೆ ಸೇರಿಕೊಂಡಿತು. ಕೆಲವರಲ್ಲಿ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ ಅಥವಾ ಎಸ್ ಕೊರತೆ, ಹೃದಯಕ್ಕೆ ರಕ್ತ ಒಯ್ಯುವ ಮಹಾಭಿಧಮನಿಯೊಳಗಿನ ಪೊರೆ ಕಾರಣವಾಗುತ್ತವೆ. ಆಕೆಗೆ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಕೊಟ್ಟು, ಕಿರಿದಾದ ಅಭಿಧಮನಿಯನ್ನು ಬಲೂನಿನಿಂದ ಅಗಲಿಸಿ ಸ್ಟೆಂಟ್ ಇಟ್ಟರು.

ಈಗ ಆಕೆ ಅದೇ ಕೆಲಸ ಮಾಡುವ ವಾರ್ಫರಿನ್ ಮಾತ್ರೆ ನುಂಗುತ್ತಾಳೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆಯಾದ ಐಎನ್‌ಆರ್ 2ರಿಂದ 3ರೊಳಗೆ ಇರುವಂತೆ ನಾನು ನೋಡಿಕೊಳ್ಳುತ್ತೇನೆ. ಹಿತ್ತಲಿನ ಬಸಳೆ ಬಿಡಬೇಕೇ ಎಂದು ಅತ್ತೆ ಕೇಳಿದ್ದರು. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಬಲ ತಗ್ಗಿಸುತ್ತದೆ; ಬಿಡುವುದು ಬೇಡ, ವಾರವಾರವೂ ಒಂದೇ ಅಳತೆಯಲ್ಲಿರಲಿ ಎಂದೆ. ಅವರು ಈಗ ಎಲೆ ಎಣಿಸಿಯೇ ಕೊಯ್ಯುತ್ತಾರಂತೆ.