ಸುಟ್ಟ ಮೋಟಾರು ತಂದಿಟ್ಟು ಪಾಠ ಮಾಡಿದೆ

ಎಂಟೆಕ್ ಮುಗಿಸಿ ಕೊಡಗಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಲೆಕ್ಚರರ್ ಆಗಿ ಸೇರಿದಾಗ ನನಗೆ ಇಂಡಕ್ಷನ್ ಮೋಟಾರ್ ಅಂದರೆ ಬೋರ್ಡಿನ ಮೇಲೆ ಬರೆಯುವ ಸರ್ಕ್ಯೂಟ್. ನನ್ನ ವಿದ್ಯಾರ್ಥಿಗಳಿಗೆ ಅದು ತೋಟದ ಪಂಪು. ಹಾಗಾಗಿ ಪಾಠವನ್ನು ಪಂಪಿನಿಂದಲೇ ಶುರು ಮಾಡಿದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಿಸುವ ಹೂಮಳೆ ಬರದಿದ್ದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಡೀಸೆಲ್ ಎಂಜಿನ್ ಇಲ್ಲದವರೆಲ್ಲ ಒಟ್ಟಿಗೇ ಮೋಟಾರು ಹಾಕುತ್ತಾರೆ. ಲೈನಿನ ಕೊನೆಯ ತೋಟಕ್ಕೆ ಬರುವಷ್ಟರಲ್ಲಿ ವೋಲ್ಟೇಜ್ ಕುಸಿದಿರುತ್ತದೆ. ಟಾರ್ಕ್, ಅಂದರೆ ಮೋಟಾರಿನ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಬದಲಾಗುತ್ತದೆ ಅಲ್ವಾ? 415 ವೋಲ್ಟ್ ಇರಬೇಕಾದಲ್ಲಿ 350 ಬಂದರೆ ಟಾರ್ಕ್ ಸುಮಾರು ಶೇ. 71ಕ್ಕೆ ಇಳಿಯುತ್ತದೆ. ಪಂಪು ಯಾಕೆ ಸುಮ್ನೆ ಗುಂಯ್‌ಗುಟ್ಟುತ್ತದೆ ಅಂತ ಮಕ್ಕಳೇ ಲೆಕ್ಕ ಹಾಕಿ ಹೇಳುತ್ತಿದ್ದರು.

ನನಗೆ ಅತಿ ಇಷ್ಟದ ಪಾಠ ಸಿಂಗಲ್ ಫೇಸಿಂಗ್, ಅಂದರೆ ಮೂರು ಫೇಸಿನ ಮೋಟಾರಿಗೆ ಒಂದು ಫೇಸಿನ ಕರೆಂಟ್ ತಪ್ಪಿಹೋಗುವುದು. ಗಾಳಿ ಮಳೆಗೆ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬೀಳುತ್ತದೆ, ಒಂದು ಫ್ಯೂಸ್ ಹೋಗುತ್ತದೆ. ಓಡುತ್ತಿದ್ದ ಮೋಟಾರು ಉಳಿದ ಎರಡು ಫೇಸಿನಲ್ಲೇ ಓಡುತ್ತಾ ಜಾಸ್ತಿ ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ಸುಟ್ಟ ಮೋಟಾರಿಗೆ ಹೊಸ ಸುರುಳಿ ಸುತ್ತಿಕೊಡುವ ಗೋಣಿಕೊಪ್ಪದ ರಿವೈಂಡಿಂಗ್ ಅಂಗಡಿಯಿಂದ ಅಂಥ ಎರಡು ಸ್ಟೇಟರ್ (ಮೋಟಾರಿನ ತಿರುಗದ, ಸುರುಳಿ ಇರುವ ಭಾಗ) ತಂದು ಮೇಜಿನ ಮೇಲೆ ಇಟ್ಟೆ. ಒಂದರಲ್ಲಿ ಎರಡು ಫೇಸಿನ ಸುರುಳಿ ಕಪ್ಪಾಗಿತ್ತು, ಮೂರನೆಯದು ಹಾಗೇ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಒಂದೇ ಫೇಸ್ ಕರಕಲು. ಮೊದಲನೆಯದು ಸ್ಟಾರ್ (ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಕಡೆ ಸೇರಿದ ಜೋಡಣೆ), ಎರಡನೆಯದು ಡೆಲ್ಟಾ (ತ್ರಿಕೋನದಂಥ ಜೋಡಣೆ). ಸ್ಟಾರ್‌ನಲ್ಲಿ ಫೇಸ್ ಹೋದ ಸುರುಳಿಗೆ ಕರೆಂಟೇ ಬರುವುದಿಲ್ಲ, ಉಳಿದೆರಡೇ ಸುಡುತ್ತವೆ. ಡೆಲ್ಟಾದಲ್ಲಿ ಒಂದು ಸುರುಳಿಗೆ ಪೂರ್ತಿ ಲೈನ್ ವೋಲ್ಟೇಜ್ ಸಿಗುತ್ತದೆ, ಮಿಕ್ಕೆರಡು ಸೀರೀಸಿನಲ್ಲಿ ಅದನ್ನು ಹಂಚಿಕೊಳ್ಳುತ್ತವೆ. ಇದನ್ನು ಕಣ್ಣಾರೆ ಕಂಡವರು ಪರೀಕ್ಷೆ ಮುಗಿದ ಮೇಲೂ ಮರೆಯಲಿಲ್ಲ. ರಿವೈಂಡಿಂಗ್ ಮಾಡುವ ಅಣ್ಣನನ್ನೂ ಲ್ಯಾಬಿಗೆ ಕರೆಸಿದೆ. ಬಣ್ಣ, ವಾಸನೆ ನೋಡಿ ಮೋಟಾರಿಗೆ ಏನಾಗಿದೆ ಅಂತ ಹೇಳುವ ಅವರ ಕೌಶಲಕ್ಕೆ ನನ್ನ ಗೌರವ ದೊಡ್ಡದು.

ಕೆಲಸ ಮಾಡುತ್ತಲೇ ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಿಎಚ್‌ಡಿ ಮುಗಿಸಿದೆ. ವಿಷಯವೂ ಇದೇ: ಗ್ರಾಮೀಣ ಲೈನುಗಳ ವೋಲ್ಟೇಜ್. ಕ್ಲಾಸ್, ವ್ಯಾಲ್ಯುಯೇಶನ್, ಗೈಡ್ ಭೇಟಿಗೆ ಘಟ್ಟ ಇಳಿದು ಬಸ್ ಪ್ರಯಾಣ ಎಲ್ಲ ಸೇರಿ ದಣಿವಾಗುತ್ತಿತ್ತು. ಆದರೆ ಪಿಎಚ್‌ಡಿ ಇಲ್ಲದೆ ಪ್ರೊಫೆಸರ್ ಹುದ್ದೆ ಸಿಗುವುದಿಲ್ಲ. ಹೊಸದಾಗಿ ಸೇರುವವರು ಬೇಗ ರಿಜಿಸ್ಟರ್ ಮಾಡಿಕೊಳ್ಳಿ. ನಿಮ್ಮ ಊರಲ್ಲೇ ಅಳೆದು ನೋಡಬಹುದಾದ ವಿಷಯ ಆರಿಸಿ, ಡೇಟಾಕ್ಕೆ ಅಲೆಯುವುದು ತಪ್ಪುತ್ತದೆ.

ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಆದಮೇಲೆ ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎ ಮಂಡಳಿಯ ಫೈಲುಗಳು, ಮೀಟಿಂಗುಗಳು ಹೆಚ್ಚಾದವು. ಆದರೂ ಮೆಷಿನ್ಸ್ ಲ್ಯಾಬನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಮೊದಲ ಸಲ ಮೋಟಾರಿಗೆ ವೈರ್ ಕೊಡುವ ಹುಡುಗಿಯ ಪಕ್ಕದಲ್ಲಿ ನಾನೇ ನಿಂತಿರಬೇಕು ಅನ್ನೋದು ನನ್ನ ಹಟ.