ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆಯುವುದು ಹೇಗೆ?

ಕಥೋಲಿಕ ದೇವಾಲಯಗಳ ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣದ (ಸಭೆ ತನ್ನ ನಂಬಿಕೆಯನ್ನು ಒಟ್ಟಾಗಿ ಘೋಷಿಸುವ ಭಾಗದ) ನಂತರ ಬರುವ ವಿಶ್ವಾಸಿಗಳ ಪ್ರಾರ್ಥನೆಯನ್ನು ಸಿದ್ಧಪಡಿಸುವ ಹೊಣೆ ಒಂದು ಕುಟುಂಬಕ್ಕೋ ಯುವಜನರ ತಂಡಕ್ಕೋ ಬಂದಾಗ, ಬರೆಯಲು ಕೂರುವ ಮೊದಲೇ ಒಂದು ವಿಷಯ ಸ್ಪಷ್ಟವಾಗಿರಬೇಕು: ಓದುವವರು ಒಬ್ಬರಾದರೂ ಪ್ರಾರ್ಥಿಸುವುದು ಇಡೀ ಸಭೆ. ಎರಡನೆಯ ಶತಮಾನದ ಸಂತ ಜಸ್ಟಿನ್ ಅವರು ಭಾನುವಾರದ ಆರಾಧನೆಯನ್ನು ವರ್ಣಿಸುವಾಗ, ಪವಿತ್ರ ಗ್ರಂಥದ ವಾಚನ ಮತ್ತು ಪ್ರಬೋಧನೆ (ಉಪದೇಶ) ಮುಗಿದ ಮೇಲೆ ಎಲ್ಲರೂ ಒಟ್ಟಾಗಿ ಎದ್ದುನಿಂತು ಪ್ರಾರ್ಥಿಸುತ್ತಿದ್ದರೆಂದು ಬರೆದಿದ್ದಾರೆ. ರೋಮನ್ ವಿಧಿಯ (ಕಥೋಲಿಕರಲ್ಲಿ ಹೆಚ್ಚಿನವರು ಅನುಸರಿಸುವ ಆರಾಧನಾ ಕ್ರಮದ) ಸಾಮಾನ್ಯ ಬಲಿಪೂಜೆಯಿಂದ ಶತಮಾನಗಳ ಕಾಲ ಮರೆಯಾಗಿ, ಶುಭ ಶುಕ್ರವಾರದ ಆರಾಧನೆಯಲ್ಲಿ ಮಾತ್ರ ತನ್ನ ಪೂರ್ಣ ರೂಪದಲ್ಲಿ ಉಳಿದಿದ್ದ ಈ ಪ್ರಾರ್ಥನೆಯನ್ನು ಭಾನುವಾರಗಳಿಗೂ ಕಡ್ಡಾಯದ ಹಬ್ಬಗಳಿಗೂ ಮರಳಿ ತರಬೇಕೆಂದು ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು.

ಈ ಪ್ರಾರ್ಥನೆಯಲ್ಲಿ ಒಂದೊಂದಾಗಿ ಓದುವ ಬೇಡಿಕೆಗಳಾದ ಬಿನ್ನಹಗಳ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಧರ್ಮಸಭೆಯ ಅಗತ್ಯಗಳು, ನಂತರ ಆಡಳಿತದಲ್ಲಿರುವವರು ಮತ್ತು ಲೋಕದ ಒಳಿತು, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ಸ್ಥಳೀಯ ಸಮುದಾಯ. ಹೊರಗಿನವರಿಗಾಗಿ ಬೇಡಿಕೊಂಡ ನಂತರವೇ ನಮ್ಮ ಸರದಿ ಎಂಬ ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ವಿವಾಹ ಅಥವಾ ಅಂತ್ಯಕ್ರಿಯೆಯಂಥ ವಿಶೇಷ ಪೂಜೆಯಲ್ಲಿ ಮಾತ್ರ ಆ ಸಂದರ್ಭಕ್ಕೆ ಹೆಚ್ಚು ಸ್ಥಾನ ಕೊಡಬಹುದು.

ಆ ದಿನದ ವಾಚನಗಳನ್ನು ಮೊದಲು ಓದಿಕೊಳ್ಳಿ, ಆದರೆ ಬಿನ್ನಹದಲ್ಲಿ ಅವುಗಳನ್ನು ವಿವರಿಸಲು ಹೋಗಬೇಡಿ, ಏಕೆಂದರೆ ಆ ಕೆಲಸ ಪ್ರಬೋಧನೆಯಲ್ಲಿ ಆಗಿರುತ್ತದೆ. ಹೆಚ್ಚಿನ ತೊಡಕು ಕಾಣಿಸಿಕೊಳ್ಳುವುದು ಮಾತಿನ ಧಾಟಿಯಲ್ಲಿ. ‘ಮೊಬೈಲಿನಲ್ಲಿ ಮುಳುಗಿರುವ ನಮ್ಮ ಯುವಜನರು ತಪ್ಪನ್ನರಿತು ದೇವಾಲಯಕ್ಕೆ ಬರುವಂತೆ’ ಎಂದು ಬರೆದರೆ ಅದು ದೇವರ ಹೆಸರಿನಲ್ಲಿ ಮಕ್ಕಳಿಗೆ ಹೇಳಿದ ಬುದ್ಧಿಮಾತಾಗುತ್ತದೆ, ಅದಕ್ಕೆ ಆ ಮಕ್ಕಳೇ ಮನಸಾರೆ ದನಿಗೂಡಿಸಲಾರರು. ‘ಓದು, ಉದ್ಯೋಗಗಳ ಚಿಂತೆಯಲ್ಲಿರುವ ನಮ್ಮ ಯುವಜನರು ಕ್ರಿಸ್ತನಲ್ಲಿ ಭರವಸೆಯನ್ನು ಕಂಡುಕೊಳ್ಳುವಂತೆ ಪ್ರಾರ್ಥಿಸೋಣ’ ಎಂದರೆ ಎಲ್ಲರೂ ಸೇರಿಕೊಳ್ಳಬಹುದು. ರಾಜಕೀಯ ಪಕ್ಷವನ್ನು ಹೊಗಳುವ ಅಥವಾ ತೆಗಳುವ ಮಾತಿಗೂ, ಸಂಘದ ಕಾರ್ಯಕ್ರಮದ ಪ್ರಕಟಣೆಗೂ ಇದೇ ಕಾರಣದಿಂದ ಇಲ್ಲಿ ಜಾಗವಿಲ್ಲ.

ಪ್ರತಿ ಬಿನ್ನಹ ಒಂದೇ ವಾಕ್ಯದಲ್ಲಿ, ಒಂದೇ ಉಸಿರಿನಲ್ಲಿ ಓದುವಷ್ಟು ಚಿಕ್ಕದಾಗಿರಲಿ. ಆದರೆ ಚಿಕ್ಕದೆಂದು ಸಪ್ಪೆಯಾಗಬಾರದು: ‘ಲೋಕದ ಎಲ್ಲ ಬಡವರಿಗಾಗಿ’ ಎನ್ನುವುದಕ್ಕಿಂತ, ಮಳೆ ಕೈಕೊಟ್ಟ ವರ್ಷ ಬಿತ್ತನೆ ಮಾಡಿ ಕಾಯುತ್ತಿರುವ ರೈತರನ್ನು, ಊರು ಬಿಟ್ಟು ಕೂಲಿಗೆ ಹೋದವರನ್ನು ನೆನೆದರೆ ಸಭೆಗೆ ಯಾರಿಗಾಗಿ ಬೇಡುತ್ತಿದ್ದೇವೆಂಬುದು ತಿಳಿಯುತ್ತದೆ. ರೋಗಿಯ ಹೆಸರು ಹೇಳುವುದಾದರೆ ಅವರ ಅಥವಾ ಮನೆಯವರ ಒಪ್ಪಿಗೆ ಪಡೆಯಿರಿ, ಕಾಯಿಲೆಯ ವಿವರ ಬೇಡ.

‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ’ ಎಂಬಂಥ, ಪ್ರತಿ ಬಿನ್ನಹದ ಕೊನೆಗೆ ಸಭೆ ಹೇಳುವ, ಅವರಿಗೆ ಬಾಯಿಪಾಠವಿರುವ ಪ್ರತ್ಯುತ್ತರವನ್ನೇ ಇಟ್ಟುಕೊಳ್ಳುವುದು ಲೇಸು. ಹೊಸ, ಉದ್ದನೆಯ ಪ್ರತ್ಯುತ್ತರ ಕೊಟ್ಟರೆ ಅದನ್ನು ನೆನಪಿಟ್ಟುಕೊಳ್ಳುವುದರಲ್ಲೇ ಜನರ ಗಮನ ಕಳೆದುಹೋಗುತ್ತದೆ. ಬರೆದದ್ದನ್ನು ಮುಂಚಿತವಾಗಿ ಪೂಜೆ ಅರ್ಪಿಸುವ ಗುರುಗಳಿಗೆ ತೋರಿಸಿ, ಓದುವವರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ. ಆರಂಭದ ಕರೆಯೂ ಮುಕ್ತಾಯದ ಪ್ರಾರ್ಥನೆಯೂ ಗುರುಗಳದ್ದಾದ್ದರಿಂದ ಅವೆರಡನ್ನೂ ನೀವು ಓದಬೇಕಿಲ್ಲ. ಕೊನೆಯ ಬಿನ್ನಹ ಮುಗಿದರೂ ಓದುವವರು, ಗುರುಗಳ ಪ್ರಾರ್ಥನೆಗೆ ಸಭೆ ‘ಆಮೆನ್’ ಎನ್ನುವ ತನಕ ವಾಚನಪೀಠದಲ್ಲಿಯೇ ನಿಂತಿರಲಿ.